ಹಳೆಯ ಮೋಟಾರಿನ ಕಿರಿಕಿರಿ

ಹೊಸ ಜೋಡು ಮೆಟ್ಟಿದವನನ್ನೂ ಹಳೆಯ ಮೋಟಾರನ್ನೂ ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದು. ಸದ್ದು ಮಾಡದೆ ಬರುವ ಜಾತಿಯೇ ಅಲ್ಲ. 1908ರಿಂದ 1927ರವರೆಗೆ ಅಮೆರಿಕದಲ್ಲಿ ತಯಾರಾದ ಫೋರ್ಡ್ ಮಾಡೆಲ್ ಟಿ ಗಾಡಿಯನ್ನೇ ನೋಡಿ. ಮುಂದೊಂದು, ಹಿಂದೊಂದು, ಅಡ್ಡಲಾಗಿ ಕೂರಿಸಿದ ಎರಡೇ ಪಟ್ಟಿ ಸ್ಪ್ರಿಂಗುಗಳ ಮೇಲೆ ಇಡೀ ಸಂಸಾರದ ಭಾರ! ಶಾಕ್ ಅಬ್ಸಾರ್ಬರ್ ಎಂಬುದು ಅದಕ್ಕಿರಲಿಲ್ಲ. ಪಟ್ಟಿಪಟ್ಟಿಗಳ ತಿಕ್ಕಾಟವೇ ಕುಲುಕಾಟವನ್ನು ಅಡಗಿಸಬೇಕು.

ಈ ಪಟ್ಟಿಗಳು ಒಣಗಿ ತುಕ್ಕು ಹಿಡಿದರೆ ಕಿರ್ರೆನ್ನುತ್ತವೆ. ಜಾಕಿಯಿಂದ ಚೌಕಟ್ಟನ್ನೆತ್ತಿ, ಭಾರ ಇಳಿದಾಗ ಸಂದು ಬಿಡಿಸಿ, ಗ್ರಾಫೈಟ್ ಬೆರೆತ ಗ್ರೀಸನ್ನು ತೆಳ್ಳಗೆ ಸವರಿದರೆ ಸಾಕು. ಧಾರಾಳ ತೋರಿಸಿದರೆ ತಿಕ್ಕಾಟ ತಗ್ಗಿ ಗಾಡಿ ಇನ್ನಷ್ಟು ಕುಣಿಯುತ್ತದೆ.

ಕಟಕಟ ಸದ್ದಿನ ಮಾತೇ ಬೇರೆ. ನನಗೆ ಭಯ ಅದರದೇ. ಸ್ಪ್ರಿಂಗನ್ನು ಅಚ್ಚಿಗೆ ಕೂಡಿಸುವ ಶ್ಯಾಕಲ್ ಕೀಲುಗಳಲ್ಲಿ ಕಂಚಿನ ಬುಷ್‌ಗಳಿವೆ. ಎಣ್ಣೆ ಬತ್ತಿ, ದೂಳು ಸೇರಿದರೆ ಸವೆಯುತ್ತವೆ. ಆಮೇಲೆ ಎಣ್ಣೆ ಬಿಟ್ಟರೆ ಸದ್ದು ಎರಡು ದಿನ ಅಡಗೀತು, ಆದರೆ ಸವೆದ ಲೋಹ ಮತ್ತೆ ಬೆಳೆಯುವುದುಂಟೆ? ಬುಷ್ಷನ್ನೇ ಬದಲಿಸಬೇಕು.

ಇನ್ನೊಂದು ಕಟಕಟ ಇದಕ್ಕಿಂತ ಕೆಟ್ಟದ್ದು. ಮುಂದಿನ ಅಚ್ಚನ್ನು ನೆಟ್ಟಗೆ ಹಿಡಿದಿರುವ ಕವೆಯಂಥ ಕಂಬಿಯ ತುದಿಯ ಗುಂಡು, ಎಂಜಿನ್ನಿನ ತಳದ ಬಟ್ಟಲಿನಲ್ಲಿ ಕೂತಿದೆ. ಅದು ಕಳಚಿದರೆ ಚಕ್ರಗಳು ಸ್ಟಿಯರಿಂಗಿನ ಮಾತು ಕೇಳವು. ಆದ್ದರಿಂದ ಎಣ್ಣೆಡಬ್ಬಿ ಹಿಡಿದು ಓಡುವ ಮೊದಲು, ನಿಂತ ಗಾಡಿಯನ್ನು ಒಬ್ಬರು ಕುಲುಕಲಿ, ಇನ್ನೊಬ್ಬರು ಕೀಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಲಿ. ಸಡಿಲ ಎಲ್ಲಿದೆಯೆಂದು ಕಿವಿಗಿಂತ ಮೊದಲು ಬೆರಳಿಗೇ ತಿಳಿಯುತ್ತದೆ.