ಸಮುದ್ರ ಯಾವಾಗ ಹೆಪ್ಪುಗಟ್ಟುತ್ತೆ?

ಕಳೆದ ಸೆಮಿಸ್ಟರ್ ಥರ್ಮೋ ಅಸೈನ್‌ಮೆಂಟ್‌ನಲ್ಲಿ ನಮ್ಮ ರೂಮಿನ ಮೂವರೂ ಒಂದೇ ತಪ್ಪು ಮಾಡಿದ್ವಿ. ಸಮುದ್ರದ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟುತ್ತೆ ಅಂತ ಬರೆದಿದ್ವಿ. ಒಬ್ಬನದ್ದು ನೋಡಿ ಇನ್ನಿಬ್ಬರು ಬರೆದದ್ದು, ಬೇರೆ ಹೇಳಬೇಕಾಗಿಲ್ಲ. ಎಲ್ಲರಿಗೂ ಎರಡೆರಡು ಮಾರ್ಕ್ಸ್ ಹೋಯ್ತು. ಆ ಸಿಟ್ಟಿನಲ್ಲೇ ರಾತ್ರಿ ಓದೋಕೆ ಕೂತವರು ಅಲಾಸ್ಕಾದ ಉತ್ಕಿಯಾಗ್ವಿಕ್ ಅನ್ನೋ ಊರಿಗೆ ಹೋಗಿ ಮುಟ್ಟಿದ್ವಿ.

2016ರವರೆಗೆ ಆ ಊರಿನ ಅಧಿಕೃತ ಹೆಸರು ಬ್ಯಾರೋ. 71 ಡಿಗ್ರಿ ಉತ್ತರ ಅಕ್ಷಾಂಶ, ಎದುರಿಗೆ ಚುಕ್ಚಿ ಸಮುದ್ರ. ಇನುಪಿಯಾಟ್ ಜನರ ಊರು. ನವೆಂಬರ್‌ನಲ್ಲಿ ಮುಳುಗಿದ ಸೂರ್ಯ ಮತ್ತೆ ಕಾಣೋದು ಜನವರಿ ಕೊನೆಗೆ.

ಸಿಹಿನೀರು 4 ಡಿಗ್ರಿಗಿಂತ ತಣ್ಣಗಾದರೆ ಹಗುರಾಗಿ ಮೇಲೇ ಉಳಿಯುತ್ತೆ, ಹಾಗಾಗಿ ಕೆರೆಯ ಮೇಲ್ಭಾಗ ಬೇಗ ಗಟ್ಟಿಯಾಗುತ್ತೆ. ಇಷ್ಟು ಸ್ಕೂಲಲ್ಲೇ ಓದಿದ್ವಿ. ಸಮುದ್ರದ ಕತೆ ಬೇರೆ. ಅದರ ನೀರು ತಣ್ಣಗಾದಷ್ಟೂ ಭಾರವಾಗಿ ಕೆಳಗಿಳಿಯುತ್ತೆ, ಕೆಳಗಿನ ಬೆಚ್ಚನೆ ನೀರು ಮೇಲೆ ಬರುತ್ತೆ. ಹೀಗೆ ಮೇಲಿನ ಪದರವೆಲ್ಲ ಸುಮಾರು ಮೈನಸ್ 1.8 ಡಿಗ್ರಿಗೆ ಇಳಿದ ಮೇಲೇ ಐಸ್ ಶುರು. ಮೊದಲು ಹರಳುಗಳ ಗಂಜಿ, ಆಮೇಲೆ ತೆಳು ಹಾಳೆ. ಗಟ್ಟಿಯಾಗ್ತಾ ಉಪ್ಪನ್ನು ಹೊರಗೆ ತಳ್ಳುತ್ತೆ.

ಚಳಿಗಾಲದಲ್ಲಿ ಗಾಳಿ ಮತ್ತು ಪ್ರವಾಹ ಐಸನ್ನು ದಡದ ಕಡೆ ನೂಕಿ ದಿಬ್ಬ ಮಾಡುತ್ತವೆ. ದಿಬ್ಬದ ಬುಡ ಸಮುದ್ರದ ತಳಕ್ಕೆ ಕಚ್ಚಿಕೊಂಡರೆ ಅದೇ ಲಂಗರು. ಅದರೊಳಗಿನ ಐಸ್ ದಡಕ್ಕೆ ಅಂಟಿ ನಿಲ್ಲುತ್ತೆ. ಇದಕ್ಕೆ ಅವರ ಭಾಷೆಯಲ್ಲಿ 'ತುವಾಕ್'. ಏಪ್ರಿಲ್-ಮೇನಲ್ಲಿ ತುವಾಕ್‌ಗೂ ಆಚೆ ತೇಲುವ ಐಸಿಗೂ ನಡುವೆ ನೀರಿನ ದಾರಿ ತೆರೆದುಕೊಳ್ಳುತ್ತೆ. ಬೋಹೆಡ್ ತಿಮಿಂಗಿಲಗಳು ಬರೋದು ಆ ದಾರಿಯಲ್ಲೇ. ಸೀಲ್ ಚರ್ಮದ ದೋಣಿ ಇಟ್ಟುಕೊಂಡು ಬೇಟೆಗಾರರು ಅಂಚಲ್ಲಿ ಕಾಯ್ತಾರೆ. ಸಿಕ್ಕ ಮಾಂಸ ಊರಿಗೆಲ್ಲ ಹಂಚಿಕೆ. ಬೇಸಿಗೆಯಲ್ಲಿ ತುವಾಕ್ ಒಡೆದು ಹೋಗುತ್ತೆ, ಸೆಪ್ಟೆಂಬರ್‌ಗೆ ಇಡೀ ಆರ್ಕ್ಟಿಕ್‌ನ ಐಸ್ ವರ್ಷದಲ್ಲೇ ಅತಿ ಕಡಿಮೆ.

ತುವಾಕ್ ಗಟ್ಟಿ ಇದೆಯಾ ಅಂತ ತಿಳಿಯೋದು ಹೇಗೆ? ಕೋಲಿನಿಂದ ಕುಟ್ಟಿ ನೋಡ್ತಾರೆ. ಗಾಳಿಯ ದಿಕ್ಕು, ಪ್ರವಾಹ, ದಿಬ್ಬ ನೋಡ್ತಾರೆ. ಚಿಕ್ಕವರು ಇದನ್ನ ಕಲಿಯೋದು ಹಿರಿಯರ ಹಿಂದೆ ನಡೆದು. ಇಷ್ಟೆಲ್ಲ ಗೊತ್ತಿದ್ದವರಿಗೂ ತಪ್ಪಿದ್ದಿದೆ: 1997ರ ಮೇನಲ್ಲಿ ತುವಾಕ್ ಸೀಳಿ, ನೂರಕ್ಕೂ ಹೆಚ್ಚು ಜನ ಅದರ ಮೇಲೇ ಸಮುದ್ರಕ್ಕೆ ತೇಲಿಹೋದರು. ಹೆಲಿಕಾಪ್ಟರ್ ತಂದು ಕಾಪಾಡಬೇಕಾಯ್ತು.

ಈಗ ಐಸ್ ತಡವಾಗಿ ಬಂದು ಬೇಗ ಹೋಗ್ತಿದೆ. ಹಿಮ ಹೊದ್ದ ಐಸ್ ಬಿಸಿಲಿನ ಬಹುಪಾಲನ್ನು ವಾಪಸ್ ಕಳಿಸುತ್ತೆ, ಕಪ್ಪು ನೀರು ಹೆಚ್ಚುಕಡಿಮೆ ಎಲ್ಲವನ್ನೂ ಹೀರಿಕೊಳ್ಳುತ್ತೆ. ಹಾಗಾಗಿ ಕರಗಿದಷ್ಟೂ ಇನ್ನಷ್ಟು ಕರಗುತ್ತೆ. ಶರತ್ಕಾಲದ ಬಿರುಗಾಳಿ ಬಂದಾಗ ಅಲೆ ತಡೆಯೋಕೆ ಐಸ್ ಇಲ್ಲದೆ ಊರಿನ ದಡವೇ ಕೊರೆದುಹೋಗ್ತಿದೆ. ಅಜ್ಜ ಕಲಿಸಿದ ಲೆಕ್ಕ ಮೊಮ್ಮಗನಿಗೆ ಅದೇ ತಿಂಗಳಲ್ಲಿ ಹೊಂದೋದಿಲ್ಲ. ಅಲ್ಲಿನ ಮಕ್ಕಳೂ ನಮ್ಮ ಹಾಗೇ ಇಂಗ್ಲಿಷ್‌ನಲ್ಲಿ ಓದೋರು, ಅವರ ಭಾಷೆಯಲ್ಲಿ ಸರಾಗವಾಗಿ ಮಾತಾಡೋರು ಹೆಚ್ಚಾಗಿ ಹಿರಿಯರೇ. ಐಸ್ ಮತ್ತು ಐಸಿನ ಮಾತು ಎರಡೂ ಒಟ್ಟಿಗೇ ತೆಳುವಾಗ್ತಿವೆ.

ಇದನ್ನ ಕನ್ನಡದಲ್ಲಿ ಬರೆಯೋಕೆ ಕೂತಾಗ ನಾವೂ ಪದಕ್ಕೆ ತಡಕಾಡಿದ್ವಿ. ಊರಿಗೆ ಫೋನ್ ಮಾಡಿ ಅಮ್ಮಂದಿರನ್ನ ಕೇಳಿದ್ವಿ. 'ಹೆಪ್ಪುಗಟ್ಟೋದು' ಅಂತ ಸಿಕ್ಕಿದ್ದು ಹಾಗೆ, ಮೊಸರಿನ ಹೆಪ್ಪಿನಿಂದ. ನಾವು ತಪ್ಪು ಬರೆದರೆ ಎರಡು ಮಾರ್ಕ್ಸ್ ಹೋಗುತ್ತೆ. ಉತ್ಕಿಯಾಗ್ವಿಕ್‌ನಲ್ಲಿ ಅದೇ ಪ್ರಶ್ನೆಗೆ ಕಾಲಿಟ್ಟು ಉತ್ತರ ಹೇಳಬೇಕು.