ಕಂಬದ ಬುಡ

ಫೆಬ್ರವರಿಯ ಒಂದು ಭಾನುವಾರ. ಮುಂಬೈ ಬಂದರಿನಲ್ಲಿ ಹಾಯಿದೋಣಿಯನ್ನು ಕಟ್ಟುವ ಬೋಯ್ ಹತ್ತಿರ ಬಂದಿತ್ತು. ಅದರ ಹಗ್ಗ ಹಿಡಿಯಲು ಮಗಳು ಡೆಕ್ಕಿನ ಅಂಚಿನಿಂದ ಬಾಗಿದಳು. ಆಧಾರಕ್ಕೆ ಎಡಗೈಯಲ್ಲಿ ಲೈಫ್‌ಲೈನಿನ ಕಂಬ ಹಿಡಿದಿದ್ದಳು. ಬುಡದಲ್ಲಿ ರಸ್ಕು ಮುರಿದಂಥ ಸದ್ದಾಗಿ ಕಂಬ ಸಮುದ್ರದ ಕಡೆಗೆ ವಾಲಿತು. ಹೇಗೋ ಅವಳು ಒಳಕ್ಕೇ ಬಿದ್ದಳು. ಮೊಣಕಾಲು ತರಚಿತು, ಅಷ್ಟೆ. ಚುಕ್ಕಾಣಿ ಹಿಡಿದಿದ್ದ ತಂದೆ ಆ ದಿನವಿಡೀ ಮಾತಾಡಲಿಲ್ಲ.

ಅವರು ಕುಮಟಾ ಕಡೆಯವರು. ಹಡಗುಗಳ ಎಂಜಿನ್ ರೂಮಿನಲ್ಲಿ ಮೂವತ್ತು ವರ್ಷ ದುಡಿದು, ನಿವೃತ್ತಿಯ ದುಡ್ಡಿನಲ್ಲಿ 26 ಅಡಿಯ ಹಳೆಯ ಫೈಬರ್‌ಗ್ಲಾಸ್ ದೋಣಿ ಕೊಂಡಿದ್ದರು. ಎಂಜಿನ್ ಬಿಚ್ಚಿ ನೋಡಿದ್ದರು, ಹಾಯಿ ನೋಡಿದ್ದರು. ಕಂಬಗಳ ಬುಡ ನೋಡಿರಲಿಲ್ಲ.

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ದೋಣಿ ದಡಕ್ಕೇರಿತು. “ಅದೇ ಬೋಲ್ಟನ್ನ ಗಟ್ಟಿಯಾಗಿ ಬಿಗಿದು ಸುತ್ತ ಸಿಲಿಕೋನ್ ಹಚ್ಚಿದ್ರೆ ಆಗೂದಿಲ್ವಾ ಅಪ್ಪಾ?” ಎಂದು ಮಗಳು ಕೇಳಿದಳು. ಅವರು ಸ್ಕ್ರೂಡ್ರೈವರ್ ಅವಳ ಕೈಗಿತ್ತು, ಹಿಡಿಯಿಂದ ಡೆಕ್ ಬಡಿಯಲು ಹೇಳಿದರು. ಹಲಸಿನಕಾಯಿ ಬಲಿತಿದೆಯೇ ಎಂದು ಬೆರಳಲ್ಲಿ ತಟ್ಟಿ ನೋಡುತ್ತಾರಲ್ಲ, ಹಾಗೆ. ನಡುವೆ ಟಕ್ ಟಕ್ ಎಂದ ಡೆಕ್ಕು ಕಂಬದ ಹತ್ತಿರ ಬರುತ್ತಲೇ ಬೊದ್ ಎಂದಿತು.

ಇಂಥ ದೋಣಿಗಳ ಡೆಕ್ ಸಾಮಾನ್ಯವಾಗಿ ಮೂರು ಪದರದ್ದು. ಮೇಲೆ ಕೆಳಗೆ ಫೈಬರ್‌ಗ್ಲಾಸಿನ ತೆಳು ಚರ್ಮ, ನಡುವೆ ಬಾಲ್ಸಾದಂಥ ಹಗುರ ಮರ, ಪ್ಲೈವುಡ್ ಇಲ್ಲವೇ ಫೋಮ್. ಭಾರ ಹೆಚ್ಚಿಸದೆ ಗಡುಸು ಕೊಡುವ ಜಾಣ ರಚನೆ. ಆದರೆ ಕಂಬ, ಹಗ್ಗ ಕಟ್ಟುವ ಕ್ಲೀಟು, ವಿಂಚು ಯಾವುದನ್ನು ಕೂರಿಸಬೇಕಾದರೂ ಈ ಮೂರು ಪದರಕ್ಕೂ ತೂತು ಕೊರೆಯಬೇಕು. ನೇರವಾಗಿ ಬೋಲ್ಟು ಹಾಕಿ ಬಿಗಿದರೆ ನಡುವಿನ ಮೆತ್ತನೆ ಪದರ ಜಜ್ಜಿಹೋಗಿ ಬೋಲ್ಟು ಸಡಿಲಾಗುತ್ತದೆ. ಸಂದಿನಲ್ಲಿ ನೀರು ಇಳಿಯುತ್ತದೆ.

ಅವರ ಊರಿನ ಮರದ ದೋಣಿಗಳಿಗೆ ನೀರೇ ಮದ್ದು. ಬಿಸಿಲಿಗೆ ಒಣಗಿ ಸಂದು ಬಿಟ್ಟ ದೋಣಿಯನ್ನು ನೀರಿಗಿಳಿಸಿದರೆ ಹಲಗೆಗಳು ಉಬ್ಬಿ ಸಂದು ಮುಚ್ಚಿಕೊಳ್ಳುತ್ತವೆ. ಎರಡು ಚರ್ಮಗಳ ನಡುವೆ ಸಿಕ್ಕಿದ ಮರಕ್ಕೆ ಆ ಭಾಗ್ಯವಿಲ್ಲ. ಕುಡಿದ ನೀರು ಆರಲು ದಾರಿಯಿಲ್ಲದೆ ಅದು ಕೊಳೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲೂ ಅಲ್ಲಿ ಉಳಿಯುವುದಿಲ್ಲ. ಅದನ್ನು ಕಾಯುವ ಆಕ್ಸೈಡ್ ಪೊರೆ ಉಳಿಯಲು ಆಮ್ಲಜನಕ ಬೇಕು. ಗಾಳಿಯಾಡದ ಉಪ್ಪುನೀರಿನ ತೂತಿನಲ್ಲಿ ಬೋಲ್ಟು ಒಳಗೊಳಗೇ ಸವೆಯುತ್ತದೆ, ಮೇಲಿನ ತಲೆ ಮಾತ್ರ ಹೊಳೆಯುತ್ತಲೇ ಇರುತ್ತದೆ. ಸೋರಿಕೆ ಹುಡುಕುವುದೂ ಸುಲಭವಲ್ಲ. ಹಂಚಿನ ಮನೆಯಲ್ಲಿ ನೀರು ತೊಟ್ಟಿಕ್ಕುವುದು ಒಂದು ಕಡೆ, ಒಡೆದ ಹಂಚು ಇನ್ನೊಂದು ಕಡೆ ಇರುವಂತೆಯೇ ಇಲ್ಲೂ.

ಅಪ್ಪ ಪೆನ್ಸಿಲಿನಲ್ಲಿ ಒಂದು ಲೆಕ್ಕ ಬರೆದರು. ಕಂಬದ ಎತ್ತರ 60 ಸೆಂ.ಮೀ., ಬುಡದ ಬೋಲ್ಟುಗಳ ನಡುವಿನ ಅಂತರ 6 ಸೆಂ.ಮೀ. ತುದಿಯಲ್ಲಿ 50 ಕಿಲೋ ಬಲ ಹೊರಕ್ಕೆ ಎಳೆದರೆ, ಒಳಬದಿಯ ಎರಡು ಬೋಲ್ಟುಗಳನ್ನು ಸುಮಾರು 500 ಕಿಲೋ ಬಲ ಮೇಲಕ್ಕೆ ಕೀಳುತ್ತದೆ. ಕೆಳಗೆ ಆ ಬೋಲ್ಟುಗಳಿಗೆ ಇದ್ದದ್ದು ನಾಲ್ಕಾಣೆಯಷ್ಟಗಲದ ವಾಷರು.

ಮೇಲಿನ ಚರ್ಮವನ್ನು ಕತ್ತರಿಸಿ ತೆಗೆದಾಗ ಒಳಗಿನ ಬಾಲ್ಸಾ ನೆನೆದ ಕಾಫಿ ಗಸಿಯಂತಿತ್ತು. ಅದನ್ನು ಕೆರೆದು, ಒಣಗಿಸಿ, ಹೊಸ ತುಂಡು ಕೂರಿಸಿ, ಮೇಲೆ ಫೈಬರ್‌ಗ್ಲಾಸ್ ಹಾಸಿದ್ದಾಯಿತು. ಆಮೇಲೆ ತೂತುಗಳ ಕೆಲಸ. 6 ಮಿ.ಮೀ. ಬೋಲ್ಟಿಗೆ ಮೊದಲು 12 ಮಿ.ಮೀ. ತೂತು. ಅದರ ಗೋಡೆಗೆ ತೆಳು ಎಪಾಕ್ಸಿ ಬಳಿದು, ಸಿಲಿಕಾ ಪುಡಿ ಬೆರೆಸಿ ಗಟ್ಟಿ ಮಾಡಿದ ಎಪಾಕ್ಸಿಯಿಂದ ಪೂರ್ತಿ ತುಂಬಿದರು. ಮೇ ಸೆಖೆಯಲ್ಲಿ ಒಮ್ಮೆಗೇ ಹೆಚ್ಚು ಕಲಸಿದರೆ ಬಟ್ಟಲಿನಲ್ಲೇ ಬಿಸಿಯೇರಿ ಕಲ್ಲಾಗುತ್ತದೆ, ಆದ್ದರಿಂದ ಸ್ವಲ್ಪ ಸ್ವಲ್ಪವೇ. ಅದು ಗಟ್ಟಿಯಾದ ಮೇಲೆ ನಡುಮಧ್ಯೆ 6 ಮಿ.ಮೀ. ತೂತು. ಈಗ ನೀರು ಒಂದೊಮ್ಮೆ ಇಳಿದರೂ ಮುಟ್ಟುವುದು ಎಪಾಕ್ಸಿಯನ್ನು, ಮರವನ್ನಲ್ಲ. ಬಿಗಿದಾಗ ಜಜ್ಜಿಹೋಗಲೂ ಅಲ್ಲಿ ಮೆತ್ತನೆಯದೇನೂ ಇಲ್ಲ.

ತೂತಿನ ಮೇಲಂಚನ್ನು ತುಸು ಓರೆಯಾಗಿ ಕೆತ್ತಿ, ಬೋಲ್ಟಿನ ಕುತ್ತಿಗೆಗೆ ಬ್ಯೂಟೈಲ್ ಟೇಪು ಸುತ್ತಿದರು. ಆ ಅಂಟು ಓರೆಯೊಳಗೆ ಕೂತು ಉಂಗುರದಂತೆ ನಿಲ್ಲುತ್ತದೆ. ಡೆಕ್ಕಿನ ಕೆಳಗೆ, ಗಾಜಿನ ನಾರು ಮತ್ತು ಎಪಾಕ್ಸಿ ಒತ್ತಿ ಮಾಡಿದ 6 ಮಿ.ಮೀ. ದಪ್ಪದ ಜಿ10 ಹಲಗೆಯ ತುಂಡು, ಕಂಬದ ಪಾದಕ್ಕಿಂತ ಅಗಲದ್ದು. ಅದರ ಅಂಚು ಮೂಲೆಗಳನ್ನು ಮಗಳು ಉಜ್ಜಿ ದುಂಡಗೆ ಮಾಡಿದಳು. ಚೂಪು ಅಂಚು ಒತ್ತಿದ ಕಡೆ ಬಿರುಕು ಶುರುವಾಗುತ್ತದೆ.

ಬಿಗಿಯುವಾಗ ಮೇಲೆ ಅಪ್ಪ, ಕೆಳಗೆ ಕ್ಯಾಬಿನ್ನಿನಲ್ಲಿ ಮಗಳು. ತಿರುಗಬೇಕಾದ್ದು ಕೆಳಗಿನ ನಟ್ಟು ಮಾತ್ರ. ಬೋಲ್ಟು ತಿರುಗಿದರೆ ಸುತ್ತಿದ ಅಂಟು ಕಿತ್ತುಬರುತ್ತದೆ. ಅಪ್ಪನ ಕೆಲಸ ಸ್ಕ್ರೂಡ್ರೈವರ್ ಅಲುಗದಂತೆ ಹಿಡಿಯುವುದಷ್ಟೇ.

“ಇನ್ನೂ ಎರಡು ಸುತ್ತು ಬರ್ತದೆ,” ಎಂದಳು ಕೆಳಗಿನಿಂದ.

“ಇವತ್ತು ಬೇಡ. ನಾಳೆ ಅರ್ಧ, ನಾಡಿದ್ದು ಅರ್ಧ.”

ಬ್ಯೂಟೈಲ್ ನಿಧಾನಕ್ಕೆ ಹರಡುತ್ತದೆ. ಅವಸರಪಟ್ಟರೆ ಅದೆಲ್ಲ ಹೊರಗೆ ಬಂದು ಒಳಗೆ ಏನೂ ಉಳಿಯುವುದಿಲ್ಲ. ಅಂಚಿನಲ್ಲಿ ಬೂದು ಎಳೆ ಸ್ವಲ್ಪವೇ ಇಣುಕಬೇಕು, ಅದನ್ನು ಕತ್ತರಿಸಬೇಕು, ಮರುದಿನ ಮತ್ತೆ ಬರಬೇಕು. ಎಂಟು ಕಂಬ, ಮೂವತ್ತೆರಡು ತೂತು. ಮಳೆ ಶುರುವಾಗುವಷ್ಟರಲ್ಲಿ ಮುಗಿದದ್ದು ಐದೇ ಕಂಬ. ಉಳಿದ ಮೂರನ್ನು ಟಾರ್ಪಾಲಿನ ಕೆಳಗೆ ಬಿಡುವು ಸಿಕ್ಕಾಗಲೆಲ್ಲ ಮಾಡಿದರು.

ಕೊನೆಗೆ ಕ್ಯಾಬಿನ್ನಿನ ಒಳಮುಚ್ಚಿಗೆ ಕೂರಿಸುವ ಹೊತ್ತಿಗೆ ಇಬ್ಬರಿಗೂ ಚರ್ಚೆಯಾಯಿತು. ಮೊದಲಿದ್ದಂತೆ ಒಂದೇ ಹಾಳೆಯಾಗಿ ಅಂಟಿಸಿದರೆ ಚೆಂದ ಎಂದು ಅಪ್ಪನ ಮಾತು. ನಟ್ಟುಗಳಿದ್ದ ಕಡೆಯೆಲ್ಲ ಬಿಚ್ಚಬಹುದಾದ ಚಿಕ್ಕ ಮುಚ್ಚಳ ಬೇಕು ಎಂದು ಮಗಳ ಹಟ.

“ನಾವು ಇಷ್ಟು ಮಾಡಿದ್ದೇವಲ್ಲ, ಇನ್ನು ಯಾಕೆ ಬಿಚ್ಚೂದು?” ಎಂದರು ಅವರು.

“ಮೊದಲಿನವರೂ ಹಾಗೇ ಅಂದ್ಕೊಂಡಿದ್ರು ಅಪ್ಪಾ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಗರಗಸ ಎತ್ತಿಕೊಂಡರು. ಎಂಟು ಮುಚ್ಚಳಗಳಾದವು, ಅಷ್ಟೇನೂ ಚೆಂದವಿಲ್ಲ. ಅಕ್ಟೋಬರಿನಲ್ಲಿ ದೋಣಿ ನೀರಿಗಿಳಿಯುವ ಹಿಂದಿನ ದಿನ ಅವಳು ಒಂದೊಂದನ್ನೂ ಬಿಚ್ಚಿದಳು. ಅಪ್ಪ ಮೇಲಿನಿಂದ ಕೊಡಗಟ್ಟಲೆ ನೀರು ಸುರಿದರು. ಅವಳು ಟಾರ್ಚು ಹಿಡಿದು ಪ್ರತಿ ನಟ್ಟಿನ ಸುತ್ತ ಟಿಶ್ಯೂ ಕಾಗದ ಒತ್ತಿ ನೋಡಿದಳು. ಎಲ್ಲವೂ ಒಣಗಿದ್ದವು.