ಶಾಂತಸಾಗರಕ್ಕೊಂದು ರಜಾ ಅರ್ಜಿ

ನನ್ನ ಖರ್ಚಿನ ಪಟ್ಟಿಯ ಮೊದಲ ಎರಡು ಸಾಲು ನೋಡಿದರೆ ಯಾರಿಗಾದರೂ ಧೈರ್ಯ ಬಂದೀತು. ನಮ್ಮೂರು ನರೋಣಾದಿಂದ ಕಲಬುರಗಿ, ಸೊನ್ನೆ ರೂಪಾಯಿ. ಕಲಬುರಗಿಯಿಂದ ಬೆಂಗಳೂರು, ಅದೂ ಸೊನ್ನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಹೆಣ್ಣುಮಕ್ಕಳು ಆಧಾರ್ ಕಾರ್ಡು ತೋರಿಸಿ ಸಾದಾ ಬಸ್ಸಿನಲ್ಲಿ ರಾಜ್ಯದ ಈ ತುದಿಯಿಂದ ಆ ತುದಿಗೆ ಹೋಗಬಹುದು. ಮೂರನೇ ಸಾಲು ಬೆಂಗಳೂರಿನಿಂದ ಫಿಜಿ. ಸಿಂಗಪುರದಲ್ಲಿ ವಿಮಾನ ಬದಲಿಸಿ ಹೋಗಿಬರುವ ಟಿಕೀಟಿಗೆ ಲಕ್ಷದ ಆಚೀಚೆ. ಅಲ್ಲಿಂದ ಮುಂದಿನ ಸಾಲುಗಳನ್ನು ಮನೆಯವರ ಕಣ್ಣಿಗೆ ಬೀಳದಂತೆ ನೋಟ್‌ಬುಕ್ಕಿನ ಹಿಂಬದಿಯಿಂದ ಬರೆಯುತ್ತ ಬಂದಿದ್ದೇನೆ.

ಐವತ್ತು ದಾಟಿದ ಹೈಸ್ಕೂಲು ಟೀಚರಿಗೆ ಪೆಸಿಫಿಕ್ ದ್ವೀಪಗಳ ಹುಚ್ಚು ಹಿಡಿಸಿದ್ದು ಶಾಲೆಯ ಗೋಡೆಯ ಮೇಲಿನ ಭೂಪಟ. ನಮ್ಮಲ್ಲಿ ಸಿಗುವ ಪ್ರಪಂಚದ ನಕಾಶೆಗಳಲ್ಲಿ ಜಗತ್ತಿನ ಅತಿ ದೊಡ್ಡ ಸಾಗರವನ್ನೇ ನಟ್ಟನಡುವೆ ಕತ್ತರಿಸಿ ಅರ್ಧವನ್ನು ಈ ಅಂಚಿಗೆ, ಅರ್ಧವನ್ನು ಆ ಅಂಚಿಗೆ ತಳ್ಳಿರುತ್ತಾರೆ. ಫಿಜಿ ಬಲಗಡೆ, ಅದರ ನೆರೆಯ ಸಮೋವಾ ಎಡಗಡೆ. ಇಬ್ಬರ ನಡುವೆ ಇಡೀ ಪ್ರಪಂಚ. ನಮ್ಮ ನಕಾಶೆಯ ಎಡ ಅಂಚು ಹರಿದಾಗ ಯಾರೋ ಟೇಪು ಹಚ್ಚಿದ್ದಾರೆ. ಟೊಂಗಾ ದೇಶ ಅದರ ಕೆಳಗೆ ಹಳದಿಯಾಗಿ ಕೂತಿದೆ. "ಇಲ್ಲಿ ಸಣ್ಣ ಸಣ್ಣ ದ್ವೀಪ ಅವ" ಎಂದು ಕೋಲು ತೋರಿಸಿ ಎಷ್ಟೋ ತಂಡದ ಮಕ್ಕಳನ್ನು ಮುಂದಿನ ಪಾಠಕ್ಕೆ ದಾಟಿಸಿದ್ದೇನೆ. ಪರೀಕ್ಷೆಗೆ ಅವು ಬರುವುದಿಲ್ಲ, ಹಾಗಾಗಿ ಯಾವ ಮಗುವೂ ಕೇಳಿದ್ದಿಲ್ಲ. ಹುಚ್ಚು ಬಲಿತದ್ದು ತೇಜಸ್ವಿಯವರ ಮಿಲೆನಿಯಂ ಸರಣಿಯ 'ಪೆಸಿಫಿಕ್ ದ್ವೀಪಗಳು' ಕೈಗೆ ಬಿದ್ದಮೇಲೆ. ಮೂಡಿಗೆರೆಯ ಕಾಫಿ ತೋಟದಿಂದ ಅಷ್ಟು ದೂರ ಕಾಣುವುದಾದರೆ ನರೋಣಾದ ತೊಗರಿ ಹೊಲದ ಬದುವಿನಿಂದ ಯಾಕೆ ಕಾಣಬಾರದು?

ಕಾಣತೊಡಗಿದ ಮೇಲೆ ತಿಳಿದ ಮೊದಲ ಸಂಗತಿ, ಭಾರತದ ಪಾಸ್‌ಪೋರ್ಟಿಗೆ ಎಲ್ಲರಿಗಿಂತ ಮೊದಲು ಬಾಗಿಲು ತೆರೆಯುವವರಲ್ಲಿ ಈ ಪುಟ್ಟ ದೇಶಗಳೂ ಇವೆ ಎಂಬುದು. ಫಿಜಿ, ವನುವಾಟು, ಕುಕ್ ದ್ವೀಪಗಳು, ನಿಯುವೆ, ಮೈಕ್ರೊನೇಷ್ಯಾ ಇವಕ್ಕೆ ಮೊದಲೇ ವೀಸಾ ಮಾಡಿಸಬೇಕಿಲ್ಲ. ಸಮೋವಾದಲ್ಲಿ ಇಳಿದ ಮೇಲೆ ಪರವಾನಗಿ ಕೊಡುತ್ತಾರೆ. ತೊಡಕಿರುವುದು ದಾರಿಯಲ್ಲಿ. ಕುಕ್ ದ್ವೀಪಕ್ಕೆ, ನಿಯುವೆಗೆ ಹೆಚ್ಚಾಗಿ ಆಕ್ಲೆಂಡ್ ಮೇಲೆಯೇ ಹಾಯಬೇಕು. ನ್ಯೂಜಿಲೆಂಡಿನ ನೆಲದ ಮೇಲೆ ಬರೇ ಕುರ್ಚಿಯಲ್ಲಿ ಕೂತು ಮುಂದಿನ ವಿಮಾನ ಕಾಯುವುದಕ್ಕೂ ನಮಗೆ ವೀಸಾ ಬೇಕು, ಆಸ್ಟ್ರೇಲಿಯಾದಲ್ಲೂ ಅದೇ ಕತೆ. ಹವಾಯಿಗೆ ಅಮೆರಿಕದ ವೀಸಾ, ತಾಹಿತಿಗೆ ಫ್ರಾನ್ಸಿನ ಕೃಪೆ. ಅವೆರಡನ್ನೂ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದೆ. ಟೀಚರಿಗೆ ಕೆಂಪು ಪೆನ್ನು ಹಿಡಿದರೆ ಕೈ ಹಗುರ. ಉಳಿದದ್ದು ಫಿಜಿಯ ನಾಂದಿ ಊರಿನಲ್ಲಿ ಇಳಿದು, ಅಲ್ಲಿಂದ ಸಮೋವಾ, ಸಾಧ್ಯವಾದರೆ ವನುವಾಟು ಅಥವಾ ತುವಾಲು.

ಸಮೋವಾದ ಒಂದು ಸುದ್ದಿಯನ್ನು ಅತ್ತೆಗೆ ಹೇಳದೆ ಇರಲಾಗಲಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ವ್ಯಾಪಾರಕ್ಕೆ ಅನುಕೂಲವಾಗಲಿ ಎಂದು ಆ ದೇಶ ದಿನಾಂಕ ರೇಖೆಯ ಆ ಕಡೆಯಿಂದ ಈ ಕಡೆಗೆ ಜಿಗಿಯಿತು. 2011ರ ಡಿಸೆಂಬರ್ 29ರ ಗುರುವಾರ ಮಲಗಿದವರು ಎದ್ದದ್ದು 31ರ ಶನಿವಾರ. 30ನೇ ತಾರೀಖು ಅವರ ಪಾಲಿಗೆ ಬರಲೇ ಇಲ್ಲ.

"ಶುಕ್ರವಾರ ಹೋಯ್ತು ಅಂತೀ?" ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಲ್ಲಿಸಿದರು. "ಅವತ್ತಿಂದು ಉಪಾಸ ಮಾಡವ್ರು ಏನ್ ಮಾಡಿದ್ರವ್ವ?"

ನಾನು ಓದಿದ ಯಾವ ಪ್ರವಾಸಿ ಪುಸ್ತಕದಲ್ಲೂ ಈ ಪ್ರಶ್ನೆಗೆ ಉತ್ತರವಿಲ್ಲ.

ದುಡ್ಡಿನ ವಿಷಯದಲ್ಲಿ ನನಗೆ ಅಂಥ ಚಿಂತೆ ಇಲ್ಲ. ಬಂಗಾರದ ರೇಟು ಈಗ ಏರಿರುವ ಲೆಕ್ಕದಲ್ಲಿ ಪೆಟ್ಟಿಗೆಯಲ್ಲಿ ಮಲಗಿರುವ ನನ್ನ ತವರಿನ ಪಾಟ್ಲಿ ಜೋಡಿ ನನ್ನನ್ನು ಸಮುದ್ರ ದಾಟಿಸಿ ವಾಪಸ್ಸೂ ತಂದೀತು. ಯಜಮಾನರೂ ಅಡ್ಡ ಬಂದಿಲ್ಲ. "ತೊಗರಿ ರಾಶಿ ಟೈಮಿಗಿ ಬಂದ್ಬಿಡು ಅಷ್ಟ" ಎಂದು ಟಿವಿ ಕಡೆ ತಿರುಗಿದರು. ನಂಬಿಕೆಯೋ ಅಪನಂಬಿಕೆಯೋ ಗೊತ್ತಾಗಲಿಲ್ಲ. ಕಷ್ಟ ಬೇರೆ ಕಡೆ ಇದೆ. ಸರ್ಕಾರಿ ನೌಕರರು ವಿದೇಶಕ್ಕೆ ಹೋಗಬೇಕಾದರೆ ಇಲಾಖೆಯ ಅನುಮತಿ ಬೇಕು. ಆ ಅರ್ಜಿಯಲ್ಲಿ ಪ್ರಯಾಣದ ಉದ್ದೇಶ ಬರೆಯಬೇಕು.

ಉದ್ದೇಶ! ಸ್ಟಾಫ್ ರೂಮಿನಲ್ಲಿ ಇದರ ಮೇಲೆ ಒಂದು ಇಡೀ ಬಿಡುವಿನ ಪಿರಿಯಡ್ ಚರ್ಚೆ ನಡೆಯಿತು. "ಮಗಳ ಬಾಣಂತನ ಅಂತ ಬರೀರಿ ಮೇಡಂ, ಒಂದ್ ಮಾತು ಕೇಳಂಗಿಲ್ಲ" ಎಂದು ಕನ್ನಡದ ಮೇಷ್ಟ್ರು. ನಮ್ಮ ಕಡೆಯ ಹೆಣ್ಣುಮಕ್ಕಳು ವಿಮಾನ ಹತ್ತಲು ಜನ ಒಪ್ಪಿದ ಕಾರಣ ಅದೊಂದೇ. ನ್ಯೂಜರ್ಸಿಯಲ್ಲಿ ಮೂರು ತಿಂಗಳು ಬಾಣಂತಿ ಖಾರ ಕುಟ್ಟಿ, ನಯಾಗರಾ ಮುಂದೆ ಸ್ವೆಟರ್ ಹಾಕಿಕೊಂಡು ಫೋಟೋ ಹೊಡೆಸಿಕೊಂಡು ಬಂದವರನ್ನು ಊರು ಮೆಚ್ಚುತ್ತದೆ. ನನ್ನ ಮಗಳಿರುವುದು ಪುಣೆಯಲ್ಲಿ, ಅವಳಿಗಿನ್ನೂ ಮದುವೆಯೇ ಆಗಿಲ್ಲ. ಅಮವಾಸ್ಯೆಗೆ ಗಾಣಗಾಪುರಕ್ಕೆ, ಆಷಾಢದಲ್ಲಿ ಪಂಢರಪುರಕ್ಕೆ, ನಡೆದುಕೊಂಡು ಶ್ರೀಶೈಲಕ್ಕೆ ಹೋದವರನ್ನೂ ಯಾರೂ ಯಾಕೆ ಎಂದು ಕೇಳುವುದಿಲ್ಲ. ಯಾತ್ರೆಯ ಕೊನೆಗೆ ಒಬ್ಬ ದೇವರೋ ಒಂದು ತೊಟ್ಟಿಲೋ ಇರಲೇಬೇಕು. ಬರೇ ನೀರು ನೋಡಲು ಒಬ್ಬಾಕೆ ಹೊರಟರೆ ಊರು ಮೊದಲು ಗಂಡನ ಮುಖ ನೋಡುತ್ತದೆ, ಆಮೇಲೆ ಡಾಕ್ಟರ ಹೆಸರು ಹೇಳುತ್ತದೆ.

ನಮ್ಮ ಕಡೆ ಹೆಣ್ಣುಮಕ್ಕಳು ದೂರ ಹೋದದ್ದೇ ಇಲ್ಲ ಎಂದೇನೂ ಇಲ್ಲ. ಮಳೆ ಕೈಕೊಟ್ಟ ವರ್ಷ ಆಳಂದ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಮುಂಬೈ, ಪುಣೆಗೆ ಗಾರೆ ಕೆಲಸಕ್ಕೆ ಹೋಗುವವರನ್ನು ನೋಡುತ್ತಲೇ ಬೆಳೆದೆ. ಫಿಜಿಗೆ ಹೋದ ನಮ್ಮ ದೇಶದವರದ್ದೂ ಅದೇ ಹಾಡು. 1879ರಲ್ಲಿ ಲಿಯೋನಿದಾಸ್ ಎಂಬ ಹಡಗು ಕಲ್ಕತ್ತೆಯಿಂದ ಮೊದಲ ಕೂಲಿಗಳನ್ನು ಅಲ್ಲಿ ಇಳಿಸಿತು. 1903ರಿಂದ ಮದ್ರಾಸ್ ಬಂದರಿನಿಂದಲೂ ಜನ ಹೋದರು. 1916ರ ತನಕ ಸುಮಾರು 60,000 ಮಂದಿ ಐದೈದು ವರ್ಷದ ಕರಾರಿನ ಮೇಲೆ ಕಬ್ಬಿನ ಗದ್ದೆಗೆ ದುಡಿಯಲು ಹೋದರು. ಫಿಜಿ ಎಲ್ಲೋ ಹತ್ತಿರದಲ್ಲಿದೆ ಎಂದು ದಲ್ಲಾಳಿಗಳು ನಂಬಿಸಿ ಹತ್ತಿಸಿದವರು ಅವರಲ್ಲಿ ಬಹಳ. ನಮ್ಮ ಸೀಮೆ ಆಗ ನಿಜಾಮನ ಕೈಕೆಳಗಿತ್ತು, ಇಲ್ಲಿಂದ ಯಾರಾದರೂ ಹೋದರೋ ಇಲ್ಲವೋ ನನಗೆ ಗೊತ್ತಿಲ್ಲ. ಆದರೂ ಭೂಸನೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಹೋಗುವ ಟ್ರಾಕ್ಟರಿನ ಹಿಂದೆ ಸಿಕ್ಕಿಬಿದ್ದಾಗಲೆಲ್ಲ ಅವರ ನೆನಪಾಗುತ್ತದೆ. ಕರಾರು ಮುಗಿದ ಮೇಲೆ ಬಹುಪಾಲು ಜನ ಅಲ್ಲೇ ನಿಂತರು. ಇವತ್ತು ಫಿಜಿಯಲ್ಲಿ ಮೂವರಲ್ಲಿ ಒಬ್ಬರು ಆ ಸಂತತಿಯವರು. ಅವರ ಹಿಂದಿಗೂ ದಿಲ್ಲಿಯ ವ್ಯಾಕರಣಕ್ಕೂ ದೂರವಂತೆ. ನಮ್ಮ ಕಲಬುರಗಿ ಹಿಂದಿಯದೂ ಅದೇ ಹಣೆಬರಹವಾದ್ದರಿಂದ ಮಾತಿಗೆ ತೊಂದರೆಯಾಗಲಾರದು.

ನಾಂದಿಯಲ್ಲಿ ಅವರು ಕಟ್ಟಿದ ಶಿವಸುಬ್ರಹ್ಮಣ್ಯ ಸ್ವಾಮಿಯ ದೊಡ್ಡ ಗುಡಿಯಿದೆ, ಬಣ್ಣಬಣ್ಣದ ದ್ರಾವಿಡ ಗೋಪುರದ್ದು. ಅದರ ಫೋಟೋವನ್ನು ಫೋನಿನಲ್ಲಿ ಅತ್ತೆಗೆ ತೋರಿಸಿದ್ದೇ ತಡ, ಇಡೀ ಪ್ರಯಾಣದ ಹಣೆಬರಹ ತಿರುಗಿತು. ಸಂಜೆ ಹೊತ್ತಿಗೆ ಓಣಿಯ ಕಟ್ಟೆಯ ಮೇಲೆ ಅವರ ದನಿ ಕೇಳಿಸಿತು: "ನಮ್ಮ ಸೊಸಿ ಷಣ್ಮುಖನ ದರ್ಶನಕ್ಕ ಹೊಂಟಾಳ. ಭಾಳ ದೂರ, ಸಮುದ್ರದಾಗ ಅದ. ಶಿವನ ಮಗ ಅಲ್ಲೇನು, ಹೋಗಿ ಬರಲಿ." ಆಚೆ ಮನೆಯಾಕೆ ಉಡಿ ತುಂಬಲು ಒಂದು ಖಣ ಕಳಿಸುತ್ತೇನೆ ಎಂದಳು. ದೇವರಿಲ್ಲದ ಯಾತ್ರೆ ಮಾಡಬೇಕೆಂದಿದ್ದ ನನಗೆ ಕೈಯಲ್ಲೊಂದು ಖಣ ಬಂತು. ಬೇಡ ಎನ್ನಲು ಬಾಯಿ ಬರಲಿಲ್ಲ. ಅರ್ಜಿಯಲ್ಲಿ ಮಾತ್ರ ಉದ್ದೇಶದ ಎದುರು 'ಸ್ವಂತ ಪ್ರವಾಸ' ಎಂದೇ ಬರೆದೆ.

ಉಳಿದ ಸಿದ್ಧತೆ ಸಣ್ಣಪುಟ್ಟದ್ದು. ಕಲಬುರಗಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಬಂದದ್ದರಿಂದ ಅದು 1,500 ರೂಪಾಯಿಗೆ ಮುಗಿಯಿತು. ಉಳಿಯಲು ಅಗ್ಗದ ಜಾಗವೆಂದರೆ ಡಾರ್ಮಿಟರಿ, ಒಂದರ ಮೇಲೊಂದು ಮಂಚ. ಕೆಳಗಿನದೇ ಬೇಕೆಂದು ನನ್ನ ಮಂಡಿಯ ಪರವಾಗಿ ಮೊದಲೇ ಬರೆದು ಕೇಳಬೇಕು. ಫಿಜಿಯ ಹಳ್ಳಿಗೆ ಹೋಗುವಾಗ ಭುಜ, ಮಂಡಿ ಮುಚ್ಚಿರಬೇಕಂತೆ, ಸೀರೆಗೆ ಇದು ಸಲೀಸು. ಆದರೆ ತಲೆಯ ಮೇಲೆ ಟೋಪಿ ಇರಬಾರದು, ಅದು ಊರ ಹಿರಿಯರಿಗೆ ಅಗೌರವ. ನಮ್ಮ ಓಣಿಯಲ್ಲಿ ಹಿರಿಯರು ಎದುರಾದರೆ ತಲೆಯ ಮೇಲೆ ಸೆರಗಿರಬೇಕು. ಸೆರಗಿನ ಬಗ್ಗೆ ಅವರ ನಿಯಮದಲ್ಲಿ ಏನೂ ಹೇಳಿಲ್ಲ.

ಒಮ್ಮೊಮ್ಮೆ ಮಧ್ಯಾಹ್ನ ಪಡಸಾಲೆಯಲ್ಲಿ ಅಡ್ಡಾದಾಗ ಬೆನ್ನಿಗೆ ತಣ್ಣಗೆ ತಾಗುವ ಶಹಾಬಾದ ಕಲ್ಲು ಹತ್ತಾರು ಕೋಟಿ ವರ್ಷಗಳ ಹಿಂದೆ ಸಮುದ್ರದ ತಳವಾಗಿತ್ತು ಎಂದು ನೆನೆಸಿಕೊಳ್ಳುತ್ತೇನೆ. ಹೊಲದ ಕರಿಮಣ್ಣು ಲಾವಾ ಗಟ್ಟಿಯಾದ ಬಸಾಲ್ಟಿನಿಂದ ಬಂದದ್ದು, ಸಮೋವಾದ ಗುಡ್ಡಗಳೂ ಬಸಾಲ್ಟೇ. ಮಕ್ಕಳಿಗೆ ಇದನ್ನು ಪಾಠದಲ್ಲಿ ಹೇಳಿದರೆ "ಮತ್ತ ಯಾಕ್ ಹೋಗ್ತೀರಿ ಟೀಚರ್, ಇಲ್ಲೇ ಅದಲ್ಲ" ಎನ್ನುತ್ತಾರೆ.

ತುವಾಲು ಒಂದನ್ನು ಮಾತ್ರ ಪಟ್ಟಿಯಿಂದ ತೆಗೆಯಲೂ ಆಗದೆ ಇಡಲೂ ಆಗದೆ ಒದ್ದಾಡುತ್ತಿದ್ದೇನೆ. ಫಿಜಿಯ ಸುವಾದಿಂದ ವಾರಕ್ಕೆ ಕೆಲವೇ ವಿಮಾನ, ಟಿಕೀಟು ದುಬಾರಿ. ಆ ದೇಶದ ಅತಿ ಎತ್ತರದ ನೆಲ ಸಮುದ್ರದಿಂದ ಐದು ಮೀಟರೂ ಇಲ್ಲ, ನಮ್ಮೂರ ನೀರಿನ ಟ್ಯಾಂಕು ಅದಕ್ಕಿಂತ ಎತ್ತರ. ವಿಮಾನ ಇಲ್ಲದ ಹೊತ್ತಿನಲ್ಲಿ ರನ್‌ವೇ ಮೇಲೆ ಹುಡುಗರು ಚೆಂಡಾಡುತ್ತಾರೆ. ನೀರು ಏರುತ್ತಿದೆ ಎಂದು 2023ರಲ್ಲಿ ಆಸ್ಟ್ರೇಲಿಯಾ ಜೊತೆ ಒಪ್ಪಂದವಾಗಿ, ವರ್ಷಕ್ಕೆ 280 ಜನರಿಗೆ ಅಲ್ಲಿ ನೆಲೆಸಲು ಅವಕಾಶ ಸಿಕ್ಕಿದೆ. ಮೊದಲ ಸಲ ಚೀಟಿ ಎತ್ತುವಾಗ ದೇಶದ ಬಹುಪಾಲು ಜನರ ಹೆಸರು ಅರ್ಜಿಯಲ್ಲಿತ್ತು. ಅವರ ಅರ್ಜಿಯಲ್ಲಿ ಉದ್ದೇಶದ ಎದುರು ಏನು ಬರೆದಿದ್ದರೋ. ನೋಡಿದರೆ ಈಗಲೇ ನೋಡಬೇಕು ಎನ್ನಿಸುತ್ತದೆ, ಹಾಗೆ ಎನ್ನಿಸಿದ್ದಕ್ಕೆ ನಾಚಿಕೆಯೂ ಆಗುತ್ತದೆ.

ಆ ಕಡೆ ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ, ಮೇಯಿಂದ ಅಕ್ಟೋಬರ್ ಒಣಹವೆ. ಹಾಗಾಗಿ ನಮ್ಮ ದಸರಾ ರಜೆಯೇ ಸರಿ. ಹೋಟೆಲಿನ ಖರ್ಚು ಉಳಿಸಲು ಅತ್ತೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಡುವವರಿದ್ದಾರೆ, ತಿಂಗಳಾದರೂ ಕೆಡುವುದಿಲ್ಲ. ಫಿಜಿಯ ವಿಮಾನ ನಿಲ್ದಾಣದಲ್ಲಿ ತಿನ್ನುವ ಪದಾರ್ಥ, ಬೀಜ, ಕಾಳು ಏನೇ ಇದ್ದರೂ ಫಾರ್ಮಿನಲ್ಲಿ ಬರೆದು ತೋರಿಸಬೇಕು. ರೊಟ್ಟಿಯ ಮೇಲೆ ಹಚ್ಚಿದ ಎಳ್ಳು ಬೀಜದ ಲೆಕ್ಕಕ್ಕೆ ಬರುತ್ತದೋ ರೊಟ್ಟಿಯ ಲೆಕ್ಕಕ್ಕೋ, ಹೋಗಿಬಂದವರಿದ್ದರೆ ದಯವಿಟ್ಟು ತಿಳಿಸಿ. ಎಳ್ಳಿಲ್ಲದೆ ಬಡಿಯಬೇಕೆಂದರೆ ಅತ್ತೆಗೆ ಈಗಲೇ ಹೇಳಬೇಕು.